ಗಾಜಿಗೂ ಗಡ್ಡ ಬಂತಾ?

ನಮ್ಮ ಮನೆಗೆ ಬಂದವರು ಮೀನು ನೋಡುವುದಿಲ್ಲ, ಗಾಜು ನೋಡುತ್ತಾರೆ. ಹೋದ ಭಾನುವಾರ ಹೆಂಡತಿ ಕಡೆಯ ನೆಂಟರೊಬ್ಬರು ಬಂದಿದ್ದರು. ನಮ್ಮ ಉಪ್ಪುನೀರಿನ ಮೀನಿನ ಟ್ಯಾಂಕಿನೊಳಗೆ ಎರಡು ಕ್ಲೌನ್ ಮೀನು ಒಂದನ್ನೊಂದು ಅಟ್ಟಿಸಿಕೊಂಡು ಓಡಾಡುತ್ತಿದ್ದವು. ಕಲ್ಲಿನ ಸಂದಿಯಿಂದ ಸೀಗಡಿಯೊಂದು ಮೀಸೆ ಆಡಿಸುತ್ತಿತ್ತು. ಇವರು ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ, ಮೂಲೆಯಲ್ಲಿದ್ದ ನೇರಳೆ ಕಲೆಯನ್ನು ಉಗುರಿನಿಂದ ಕೆರೆದರು. ಹೊರಗಿನಿಂದ! ಆಮೇಲೆ "ಇದನ್ನ ಒರೆಸೋದಿಲ್ವಾ?" ಅಂದರು.

ಒರೆಸಿದರೆ ಹೋಗುವ ಹಾಗಿದ್ದರೆ ಒರೆಸುತ್ತಿರಲಿಲ್ಲವೇ ಸ್ವಾಮಿ? ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಮಂಗಳೂರಿಗೆ ಹೋಗಿ, ಚೆನ್ನೈಗೆ ಹೋಗಿ, ಸಮುದ್ರ ಸಿಗಬೇಕಾದರೆ 350 ಕಿಲೋಮೀಟರ್ ಆಸುಪಾಸು ರಸ್ತೆ ಸವೆಸಬೇಕು. ಇಲ್ಲಿ ಕೂತು ಸಮುದ್ರ ಮಾಡಬೇಕೆಂದರೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕದಡಬೇಕು. ಅದಕ್ಕೂ ಮುಂಚೆ ನೀರನ್ನು ಆರ್‌ಓ ಮಾಡಬೇಕು. ಆರ್‌ಓ ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಆಚೆ ಬಿಡುತ್ತದೆ. 2024ರ ಮಾರ್ಚಿನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ, ಆ ಆಚೆ ಬಿಟ್ಟ ನೀರಲ್ಲೇ ನಮ್ಮ ಮನೆ ನೆಲ ಫಳಫಳ ಅನ್ನುತ್ತಿತ್ತು. ಇಷ್ಟೆಲ್ಲ ಪಾಡುಪಟ್ಟವನಿಗೆ ಒಂದು ಬಟ್ಟೆ ತಗೊಂಡು ಒರೆಸಲು ಬರುವುದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ.

ಗಾಜಿನ ಮೇಲೆ ಬೆಳೆಯುವುದೆಲ್ಲ ಪಾಚಿ ಅನ್ನುವವರ ಜೊತೆ ವಾದ ಮಾಡುವುದನ್ನೂ ಬಿಟ್ಟಿದ್ದೇನೆ. ಹೊಸ ಟ್ಯಾಂಕಿಗೆ ಬರುವ ಕಂದು ಧೂಳು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಬೆರಳು ಸವರಿದರೆ ಹೋಗುತ್ತದೆ, ನೀರಲ್ಲಿ ಸಿಲಿಕಾ ಮುಗಿದರೆ ತಾನಾಗಿಯೂ ಹೋಗುತ್ತದೆ. ಹಸಿರು ಮಬ್ಬನ್ನು, ಗಾಜಿನ ಒಳಗೊಂದು ಹೊರಗೊಂದು ಅಂಟಿಕೊಂಡು ಉಜ್ಜುವ ಮ್ಯಾಗ್ನೆಟ್ ಎಳೆದುಕೊಂಡು ಹೋಗುತ್ತದೆ. ಒಂದೆರಡು ಮಿಲಿಮೀಟರಿನ, ಸುರುಳಿ ಸುತ್ತಿದ ಬಿಳಿ ಚುಕ್ಕೆ ಇದೆಯಲ್ಲ, ಅದು ಪಾಚಿಯೇ ಅಲ್ಲ. ಅದರೊಳಗೆ ಒಬ್ಬ ಹುಳುರಾಯ ಮನೆ ಕಟ್ಟಿಕೊಂಡು ಕೂತಿದ್ದಾನೆ. ಯಾರ ತಂಟೆಗೂ ಹೋಗುವವನಲ್ಲ.

ಆ ನೇರಳೆಯದ್ದು ಕೋರಲೈನ್. ಅದು ನಿಜಕ್ಕೂ ಪಾಚಿಯ ಜಾತಿಯೇ, ಆದರೆ ನೀರಿನ ಕ್ಯಾಲ್ಸಿಯಂ ಹೀರಿ ಮೈಯನ್ನೇ ಸುಣ್ಣದ ಕಲ್ಲು ಮಾಡಿಕೊಳ್ಳುತ್ತದೆ. ಇದೇ ಕೋರಲೈನ್ ಕಲ್ಲಿನ ಮೇಲೆ ಹಬ್ಬಲಿ ಅಂತ ಜನ ದುಡ್ಡು ಕೊಟ್ಟು ಅದನ್ನೇ ಬಾಟಲಿಯಲ್ಲಿ ತರಿಸುತ್ತಾರೆ. ಕಲ್ಲಿನ ಮೇಲಿದ್ದರೆ "ಆಹಾ, ಏನು ಬಣ್ಣ!" ನಾಲ್ಕು ಇಂಚು ಈಚೆ ಗಾಜಿಗೆ ಬಂದರೆ ಗಲೀಜು. ಕ್ಯಾಲ್ಸಿಯಂ 420 ಪಿಪಿಎಂಗಿಂತ ಇಳಿಯದ ಹಾಗೆ ಹುಯ್ಯುವವನೂ ನಾನೇ, ಕೆರೆಯುವವನೂ ನಾನೇ.

ಕೆರೆಯುವ ವಿಚಾರಕ್ಕೆ ಬಂದರೆ, ಎನ್.ಆರ್. ಕಾಲೋನಿಯಲ್ಲಿ ನಾನು ಹೋಗುವ ಕಟಿಂಗ್ ಶಾಪಿನ ಬಗ್ಗೆ ಹೇಳಲೇಬೇಕು. ಅಲ್ಲಿನವರು ಇನ್ನೂ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ ಟಕ್ ಅಂತ ಮುರಿದು, ಅರ್ಧ ಮಾತ್ರ ಕತ್ತಿಗೆ ಸಿಕ್ಕಿಸುತ್ತಾರೆ. ಮೊನ್ನೆ ಅರ್ಧ ಗಡ್ಡ ಮುಗಿದಿದ್ದಾಗ, ಉಪ್ಪುನೀರಿಗೆ ಈ ಬ್ಲೇಡು ತುಕ್ಕು ಹಿಡಿಯುತ್ತಾ ಅಂತ ಸುಮ್ನೆ ಕೇಳಿದೆ.

"ಯಾವುದಕ್ಕೆ ಸಾರ್?"

"ಗಾಜು ಕೆರೆಯೋಕೆ."

"ಗಾಜಿಗೂ ಗಡ್ಡ ಬಂತಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ನಗುವ ಹಾಗಿರಲಿಲ್ಲ, ಗಂಟಲ ಹತ್ತಿರ ಕತ್ತಿಯಿತ್ತು. ಆದರೆ ಅವರು ವಿಷಯವನ್ನು ಗಂಭೀರವಾಗಿಯೇ ತೆಗೆದುಕೊಂಡರು. ಸ್ಟೇನ್‌ಲೆಸ್ ಬ್ಲೇಡೇ ಹಾಕಬೇಕಂತೆ, ಬರೀ ಕಬ್ಬಿಣದ್ದು ಹಾಕಿದರೆ ತುಕ್ಕು ಗ್ಯಾರಂಟಿಯಂತೆ. ನನ್ನ ಕೆನ್ನೆಯ ಮೇಲೇ ಪಾಠ ಶುರುವಾಯಿತು. "ಹೀಗೆ ನೆಟ್ಟಗೆ ಹಿಡಿದ್ರೆ ಬರೀ ಗೀರುತ್ತೆ. ಹೀಗೆ ಮಲಗಿಸಿದ್ರೆ ಬುಡದಿಂದ ಎಬ್ಬಿಸುತ್ತೆ. ಕಿವಿ ಹತ್ರ ಮಾತ್ರ ಹುಷಾರು." ಟ್ಯಾಂಕಿನ ಕಿವಿ ಅಂದರೆ ಮೂಲೆಯಲ್ಲಿ ಗಾಜು ಅಂಟಿಸಿರುವ ಸಿಲಿಕೋನ್. ಅಲ್ಲಿ ಬ್ಲೇಡು ಕಚ್ಚಿದರೆ ಸಮುದ್ರ ನಡುಮನೆಗೆ ಬರುತ್ತದೆ.

ಅಷ್ಟು ಹೊತ್ತಿಗೆ ಬೆಂಚು ಎದ್ದು ಕೂತಿತ್ತು. ಪೇಪರ್ ಓದುತ್ತಿದ್ದ ಹಿರಿಯರು ಹುಣಸೆಹಣ್ಣು ಅಂದರು. ಪಕ್ಕದವರು ವಿನೆಗರ್ ಅಂದರು. ಹುಡುಗನೊಬ್ಬ ಫೋನಿನಿಂದ ತಲೆ ಎತ್ತದೆ "ಆಸಿಡ್" ಅಂದ. ಒಳಗೆ ಮೀನು ಇದೆ ಅಂದೆ. "ಮೀನು ತೆಗೆದು ಹಾಕಿ" ಅಂದ. ಹಿರಿಯರು ಗೀಸರಿಗೆ ಹೋದರು. ಬೋರ್‌ವೆಲ್ ನೀರಿಗೆ ಅವರ ಗೀಸರ್ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತಂತೆ. ಅಲ್ಲಿಂದ ಮಾತು ಅವರ ಬಡಾವಣೆಯ ಬೋರ್‌ವೆಲ್ ಆಳಕ್ಕೆ, ಟ್ಯಾಂಕರಿನವನ ರೇಟಿಗೆ, ಕಾವೇರಿ ಕನೆಕ್ಷನ್ನಿಗೆ, ಕೊನೆಗೆ ಅಳಿಯನ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಹೋಯಿತು. ನನ್ನ ಎಡಗೆನ್ನೆಯ ನೊರೆ ಒಣಗಿತು. ಹಿರಿಯರ ಲೆಕ್ಕವೇನೂ ಸುಳ್ಳಲ್ಲ. ಗೀಸರಿನ ಸುಣ್ಣವೂ ಕೋರಲೈನ್ ಕಟ್ಟುವ ಸುಣ್ಣವೂ ಕ್ಯಾಲ್ಸಿಯಂ ಕಾರ್ಬೊನೇಟೇ, ಹುಳಿಗೆ ಕರಗುತ್ತದೆ. ಪಂಪು ಹೊರಗೆ ತೆಗೆದು ವಿನೆಗರಿನಲ್ಲಿ ನೆನೆಸಿಡುವವನು ನಾನೇ. ಆದರೆ ಮೀನಿರುವ ನೀರಿಗೆ ಹುಳಿ ಹಿಂಡಲು ನಾನೇನು ಸಾರು ಮಾಡುತ್ತಿದ್ದೇನಾ? ಕೇಳದೆ ಸಲಹೆ ಕೊಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಒಂದೊಂದು ಸಲ ಅವರು ಹೇಳುವುದು ಸರಿಯಾಗಿರುತ್ತದೆ, ಅದಕ್ಕೆ ಇನ್ನೂ ಜಾಸ್ತಿ.

ಮನೆಗೆ ಬಂದು ಮಲಗಿಸಿಯೇ ಕೆರೆದೆ. ಕರಕರ ಸದ್ದು ಗಾಜಿನಾಚೆಗೂ ಕೇಳಿಸಿತು. ನೇರಳೆ ಚಕ್ಕೆ ಉದುರಿದ ಹಾಗೆಲ್ಲ ಕ್ಲೌನ್ ಮೀನು ಊಟ ಅಂದುಕೊಂಡು ಓಡಿ ಬಂದು, ಬಾಯಿಗೆ ಹಾಕಿ, ಥೂ ಅಂತ ಉಗಿಯಿತು. ಉಗಿದದ್ದು ಹೋಗಿ ಇನ್ನೆಲ್ಲೋ ಕೂತು ಮತ್ತೆ ಹಬ್ಬುತ್ತದೆ, ಅದು ಬೇರೆ ಮಾತು. ಮ್ಯಾಗ್ನೆಟ್ಟಿನ ಕಥೆಯೂ ಅಷ್ಟೇ. ಗಾಜಿಗೂ ಅದಕ್ಕೂ ನಡುವೆ ಒಂದು ಮರಳಿನ ಕಾಳು ಸಿಕ್ಕರೆ ಜನ್ಮಕ್ಕಾಗುವಷ್ಟು ಉದ್ದ ಗೀರು.

ಇಷ್ಟು ವರ್ಷ ಗಾಜು ಕೆರೆದು ನಾನೊಂದು ದೊಡ್ಡ ವಿಷಯ ಕಂಡುಕೊಂಡಿದ್ದೇನೆ. ಅದನ್ನು ಹೇಳುವುದಕ್ಕೆ ಮುಂಚೆ ಬಸವನಹುಳುವಿನ ವಿಷಯ ಮುಗಿಸಿಬಿಡುತ್ತೇನೆ. "ನೆರೈಟ್ ಬಿಡಿ ಸಾರ್, ಗಾಜು ತಾನೇ ಕ್ಲೀನ್ ಮಾಡುತ್ತೆ" ಅಂದಿದ್ದ ಅಂಗಡಿಯವನು. ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಹಸಿರು ಮಬ್ಬನ್ನು ನೆಕ್ಕುತ್ತಾ ಹೋಗುತ್ತದೆ, ಕೋರಲೈನ್ ತಂಟೆಗೆ ಹೋಗುವುದಿಲ್ಲ. ಆದರೆ ಕ್ಲೀನಾದ ಜಾಗ ನೋಡಿ ಅಲ್ಲೇ ಮೊಟ್ಟೆ ಇಡುತ್ತದೆ. ಬಿಳಿ, ಗಟ್ಟಿ, ಸಾಲು ಸಾಲು. ಬೆರಳಿಗೆ ಬರುವುದಿಲ್ಲ, ಮ್ಯಾಗ್ನೆಟ್ಟಿಗೆ ಬರುವುದಿಲ್ಲ. ಅದಕ್ಕೂ ಬ್ಲೇಡೇ ಬೇಕು. ಅಂಗಡಿಯವನಿಗೆ ಫೋನ್ ಮಾಡಿ ಹೇಳಿದೆ. "ಮೊಟ್ಟೆ ಇಡ್ತಾ ಇದೆ ಅಂದ್ರೆ ನಿಮ್ಮ ನೀರು ಚೆನ್ನಾಗಿದೆ ಅಂತ ಸಾರ್" ಅಂದ, ಇನ್ನೂ ಎರಡು ಕಳಿಸಲಾ ಅಂತಲೂ ಕೇಳಿದ.