ಸ್ಪಷ್ಟನೆ: ಮಾತಿನ ಚಿಕಿತ್ಸೆ ಮಾತ್ರೆಗೆ ಬದಲಿ ಅಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಸ್ಕಿಜೋಫ್ರೇನಿಯಾಕ್ಕೆ ಸಿಬಿಟಿ ಸಾಕು, ಮಾತ್ರೆ ಬಿಡಿ.’ ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ. ಸಿಬಿಟಿ ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆ. ಉಪಯೋಗ ಖಂಡಿತ ಇದೆ. ಯಾರೋ ಬೈಯುವ ದನಿ ಕಿವಿಯಲ್ಲಿ ಕೇಳುತ್ತಿದ್ದರೆ ಥೆರಪಿಸ್ಟ್ ವಾದಕ್ಕಿಳಿಯುವುದಿಲ್ಲ. ದನಿ ಯಾವಾಗ ಜಾಸ್ತಿಯಾಗುತ್ತದೆ, ಹಾಗನ್ನಿಸಲು ಬೇರೆ ಕಾರಣ ಇರಬಹುದಾ ಎಂದು ಅವರ ಜೊತೆ ಕೂತು ನಿಧಾನವಾಗಿ ನೋಡುತ್ತಾರೆ. ಇದರಿಂದ ಭಯ, ಸಂಕಟ ಕಡಿಮೆಯಾಗಬಹುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ ಕೊಟ್ಟ ಮಾರ್ಗಸೂಚಿ ಕನಿಷ್ಠ 16 ಭೇಟಿ ಬೇಕು ಎನ್ನುತ್ತದೆ, ಅದೂ ಮಾತ್ರೆಯ ಜೊತೆಗೆ. ಸುಮ್ನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ.

ಮಾತ್ರೆಯಿಂದ ತೂಕ, ನಿದ್ದೆ ಹೆಚ್ಚಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ವೈದ್ಯರಿಗೆ ಹೇಳಿ, ಔಷಧ ಬದಲಿಸಲು ದಾರಿಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಉಚಿತ. ಕನ್ನಡದಲ್ಲೇ ಮಾತಾಡಬಹುದು.