ಹೆಲ್ಮೆಟ್ಟೂ ಹೂಕೋಸು ಕಿವಿಯೂ

ಲಂಡನ್ನಿನ ಯಾವುದೋ ಪಬ್ಬು ಆಗಲಿ, ಆಕ್ಲೆಂಡಿನ ಯಾರದೋ ಸೋಫಾ ಆಗಲಿ, ಟಿವಿಯಲ್ಲಿ ಅಮೆರಿಕನ್ ಫುಟ್ಬಾಲ್ ಹಾಕಿ ಐದು ನಿಮಿಷ ಕಾದರೆ ಸಾಕು, ಒಬ್ಬರಲ್ಲ ಒಬ್ಬರು ಆ ಮಾತು ಆಡಿಯೇ ಆಡುತ್ತಾರೆ. "ಇದು ರಗ್ಬಿನೇ ಕಣಯ್ಯಾ, ಪುಕ್ಕಲರು ಕವಚ ಹಾಕ್ಕೊಂಡು ಆಡ್ತಾರೆ ಅಷ್ಟೆ." ಅಮೆರಿಕದವರ ಬಾಯಲ್ಲೂ ಉತ್ತರ ಸಿದ್ಧವಾಗಿರುತ್ತದೆ. "ರಗ್ಬೀನಾ? ಅದು ಬಸ್ ಸ್ಟ್ಯಾಂಡಿನ ನೂಕುನುಗ್ಗಲು, ಮಧ್ಯೆ ಒಂದು ಚೆಂಡು ಬಿದ್ದಿರುತ್ತೆ." ಪಕ್ಕದ ಮನೆಯವರ ಜಗಳದಲ್ಲಿ ಇಷ್ಟು ಖಾರ ಇರುವುದಿಲ್ಲ. ಇದು ದಾಯಾದಿಗಳ ಜಗಳ.

ದಾಯಾದಿಗಳೇ ಹೌದು. 1874ರ ಮೇ ತಿಂಗಳಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡಿಗೆ ಬಂದು, ಒಂದು ದಿನ ಹಾರ್ವರ್ಡಿನ ನಿಯಮದಲ್ಲಿ, ಮರುದಿನ ರಗ್ಬಿ ನಿಯಮದಲ್ಲಿ ಆಡಿದರು. ಹಾರ್ವರ್ಡಿನವರಿಗೆ ನೆಂಟರ ಆಟವೇ ಹಿಡಿಸಿಬಿಟ್ಟಿತು. ಆಮೇಲೆ ಯೇಲ್‌ನ ವಾಲ್ಟರ್ ಕ್ಯಾಂಪ್ ಎಂಬಾತ ಅದಕ್ಕೆ ಕತ್ತರಿ ಹಾಕುತ್ತಾ ಹೋದ. ರಗ್ಬಿಯ ಸ್ಕ್ರಮ್ಮಿನಲ್ಲಿ ಎರಡೂ ಕಡೆಯವರು ತಲೆ ಸಿಕ್ಕಿಸಿಕೊಂಡು ತಳ್ಳುತ್ತಾರೆ, ಚೆಂಡು ಯಾರ ಕಡೆ ಬರುತ್ತದೋ ಅವರದು. ಕ್ಯಾಂಪ್‌ಗೆ ಈ ಲಾಟರಿ ಸರಿಬರಲಿಲ್ಲ. 1880ರಲ್ಲಿ ಚೆಂಡನ್ನು ಒಂದೇ ತಂಡದ ಸ್ವಾಧೀನಕ್ಕೆ ಕೊಟ್ಟು, ನಡುವೆ ಒಂದು ಗೆರೆ ಎಳೆಸಿದ. ಸ್ವಾಧೀನ ಸಿಕ್ಕ ಮೇಲೆ ಬಿಡುವವರು ಯಾರು? 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ತಲಾ ಅರ್ಧ ಪಂದ್ಯ ಚೆಂಡನ್ನು ಅಪ್ಪಿಕೊಂಡು ಕೂತವು. ಬಾಡಿಗೆದಾರ ಮನೆ ಖಾಲಿ ಮಾಡುವುದಿಲ್ಲವೆಂದು ಕೂತ ಹಾಗೆ. ಸೊನ್ನೆ-ಸೊನ್ನೆ. ಅದಕ್ಕೆ ಮರುವರ್ಷ ಷರತ್ತು ಬಂತು: ಮೂರು ಯತ್ನದಲ್ಲಿ ಐದು ಗಜ ಮುಂದೆ ಹೋಗಿ, ಇಲ್ಲದಿದ್ದರೆ ಚೆಂಡು ಬಿಡಿ. ಈಗ ಅದೇ ನಾಲ್ಕು ಯತ್ನ, ಹತ್ತು ಗಜ. ಯತ್ನಕ್ಕೆ ಅವರು 'ಡೌನ್' ಎನ್ನುತ್ತಾರೆ.

1905ರಲ್ಲಿ ಮೈದಾನದಲ್ಲಿ ಸಾವುಗಳು ಹೆಚ್ಚಿ, ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೇ ಕರೆಸಿ ಬುದ್ಧಿ ಹೇಳಬೇಕಾಯಿತು. ಮರುವರ್ಷ ನಿಯಮ ಬದಲಾಯಿಸುವಾಗ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವುದಕ್ಕೆ ಅನುಮತಿ ಸಿಕ್ಕಿತು. ಆಟಗಾರರು ಮೈದಾನದ ತುಂಬ ಚದುರಿದರೆ ಗುಂಪಿನಲ್ಲಿ ತುಳಿದಾಡುವುದು ಕಡಿಮೆಯಾಗಲಿ ಎಂದು. ಅಲ್ಲಿಗೆ ಮನೆ ಮಧ್ಯೆ ಗೋಡೆ ಎದ್ದಿತು. ರಗ್ಬಿಯಲ್ಲಿ ಕೈಯಿಂದ ಮುಂದಕ್ಕೆ ಪಾಸ್ ಕೊಡುವುದು ಏಕಾದಶಿ ದಿನ ಬಾಡೂಟ ಹಾಕಿಸಿದಂಥ ಅಪರಾಧ.

ರಗ್ಬಿ ಕಣ್ಣಿನವರ ಮೊದಲ ಎಡವಟ್ಟು ಆಗುವುದೂ ಇಲ್ಲಿಯೇ. ಕ್ವಾರ್ಟರ್‌ಬ್ಯಾಕ್ ಎಂಬ ದಾಳಿಯ ಸೂತ್ರಧಾರ ನಲವತ್ತು ಗಜ ಮುಂದಕ್ಕೆ ಎಸೆದ ಕೂಡಲೇ "ಫಾರ್ವರ್ಡ್!" ಎಂದು ಕೂಗಿಬಿಡುತ್ತಾರೆ. ಪಕ್ಕದವರು "ಹೌದು, ತುಂಬಾ ಚೆನ್ನಾಗಿ ಹೋಯ್ತು" ಎನ್ನುತ್ತಾರೆ. ಎರಡನೆಯದು ಟಚ್‌ಡೌನ್. ಹೆಸರಿನಲ್ಲಿ ಟಚ್ಚೂ ಇದೆ, ಡೌನೂ ಇದೆ, ಆದರೆ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕಿಲ್ಲ. ಕೈಯಲ್ಲಿ ಹಿಡಿದ ಚೆಂಡಿನ ಮೂತಿ ಎದುರಾಳಿಯ ಗೋಲು ಗೆರೆಯ ಮೇಲಿನ ಗಾಳಿಯನ್ನು ಸೀಳಿದರೆ ಆರು ಅಂಕ. ರಗ್ಬಿಯಲ್ಲಿ ಚೆಂಡನ್ನು ಒತ್ತಿ ನೆಲಕ್ಕೆ ಊರಲೇಬೇಕು, ಊರಿದರೆ ಐದು. ಅದಕ್ಕೆ 'ಟ್ರೈ' ಎಂಬ ಹೆಸರು ಯಾಕೆಂದರೆ, ಮೊದಲು ಅದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ಒಂದು ಯತ್ನಕ್ಕೆ ಅವಕಾಶ ಸಿಗುತ್ತಿತ್ತು, ಅಷ್ಟೇ. ಮುಟ್ಟಿಸುವ ಆಟಕ್ಕೆ ಯತ್ನವೆಂದು ಹೆಸರು, ಮುಟ್ಟಿಸದ ಆಟಕ್ಕೆ ಮುಟ್ಟಿಸಿದೆ ಎಂದು ಹೆಸರು. ಇನ್ನು ಕೈಯಲ್ಲಿ ಆಡುವುದಕ್ಕೆ ಫುಟ್ಬಾಲ್ ಅನ್ನುತ್ತಾರಲ್ಲ ಎಂದು ನಗುವ ಇಂಗ್ಲೆಂಡಿನವರು ತಮ್ಮ ರಗ್ಬಿ ಸಂಸ್ಥೆಯ ಬೋರ್ಡನ್ನು ಒಮ್ಮೆ ಓದಿಕೊಳ್ಳಬೇಕು. ರಗ್ಬಿ ಫುಟ್ಬಾಲ್ ಯೂನಿಯನ್ ಅಂತಲೇ ಇದೆ. 'ಸಾಕರ್' ಎಂಬ ಪದ ಹುಟ್ಟಿದ್ದೂ ಇಂಗ್ಲೆಂಡಿನಲ್ಲೇ, 'ಅಸೋಸಿಯೇಷನ್' ಎಂಬುದರ ನಡುಭಾಗ ಕಿತ್ತು.

ಎಡವಟ್ಟು ಒಂದೇ ಕಡೆಯದಲ್ಲ. ರಗ್ಬಿ ಆಡಲು ಹೋದ ಅಮೆರಿಕದ ಹುಡುಗ ಗೆರೆ ದಾಟಿದ ತಕ್ಷಣ ಚೆಂಡನ್ನು ಬಿಸಾಕಿ ಕುಣಿಯಬಾರದು, ಟ್ರೈ ಹೋಗುತ್ತದೆ. ಗೆರೆ ದಾಟಿದ ಮೇಲೂ ಕಂಬಗಳ ನಡುವೆಗೆ ಓಡಬೇಕು. ಯಾಕೆಂದರೆ ಮುಂದಿನ ಎರಡು ಅಂಕದ ಒದೆತವನ್ನು ಚೆಂಡು ಊರಿದ ಜಾಗದ ನೇರಕ್ಕೇ ನಿಂತು ಹೊಡೆಯಬೇಕು. ಮೂಲೆಯಲ್ಲಿ ಊರಿದರೆ ಒದೆಯುವವನು ಮನಸ್ಸಿನಲ್ಲೇ ಶಪಿಸುತ್ತಾನೆ. ಇನ್ನೊಂದು, ಚೆಂಡಿಲ್ಲದವನನ್ನು ಅಡ್ಡಗಟ್ಟಬಾರದು. ಅಮೆರಿಕದಲ್ಲಿ ಅದಕ್ಕೆ ಬ್ಲಾಕಿಂಗ್ ಎಂದು ಹೆಸರು, ಅದೊಂದೇ ಕೆಲಸ ಮಾಡಿ ಕೋಟಿಗಟ್ಟಲೆ ಸಂಪಾದಿಸುವವರಿದ್ದಾರೆ. ರಗ್ಬಿಯಲ್ಲಿ ಅದಕ್ಕೆ ಪೆನಾಲ್ಟಿ. ನೆಲಕ್ಕೆ ಬಿದ್ದ ಮೇಲೆ ಸೀಟಿ ಊದುತ್ತಾರೆ ಎಂದು ಚೆಂಡು ಅಪ್ಪಿಕೊಂಡು ಮಲಗಿದರೂ ಪೆನಾಲ್ಟಿಯೇ. ಬಿದ್ದವನು ಚೆಂಡು ಬಿಡಬೇಕು, ಬೀಳಿಸಿದವನು ಅವನನ್ನು ಬಿಟ್ಟು ಪಕ್ಕಕ್ಕೆ ಉರುಳಬೇಕು. ಅಷ್ಟರಲ್ಲಿ ಮಿಕ್ಕವರು ಮೇಲಿಂದ ಬಂದಿರುತ್ತಾರೆ, ಆಟ ಮಾತ್ರ ನಿಲ್ಲುವುದಿಲ್ಲ. ಒಬ್ಬನಿಗೆ ಪೆಟ್ಟಾಗಿ ಫಿಸಿಯೋ ಮೈದಾನದೊಳಗೆ ಕೂತು ಮಂಡಿಗೆ ಪಟ್ಟಿ ಸುತ್ತುತ್ತಿದ್ದರೆ, ಉಳಿದ ಇಪ್ಪತ್ತೊಂಬತ್ತು ಜನ ಪಕ್ಕದಲ್ಲೇ ಗುದ್ದಾಡುತ್ತಿರುತ್ತಾರೆ.

ಕವಚದ ವಿಚಾರಕ್ಕೆ ಬರೋಣ. ಪುಕ್ಕಲರು ಎಂಬ ಆರೋಪ ಅರ್ಧ ಸುಳ್ಳು, ಇನ್ನರ್ಧ ತಲೆಕೆಳಗು. ಅಮೆರಿಕನ್ ಆಟದಲ್ಲಿ ಒಂದೊಂದು ಅಂಗುಲಕ್ಕೂ ಲೆಕ್ಕ. ಎದುರಾಳಿಯನ್ನು ಬೀಳಿಸಿದರೆ ಸಾಲದು, ಇದ್ದ ಜಾಗದಲ್ಲೇ ತಡೆಯಬೇಕು, ಸಾಧ್ಯವಾದರೆ ಹಿಂದಕ್ಕೂ ತಳ್ಳಬೇಕು. ಹಾಗಾಗಿ ಎದುರೆದುರು ಡಿಕ್ಕಿ. ರಗ್ಬಿಯಲ್ಲಿ ಬಿದ್ದವನು ಎರಡು ಗಜ ಮುಂದೆ ಬಿದ್ದರೂ ಪ್ರಪಂಚ ಮುಳುಗುವುದಿಲ್ಲ. ಅಲ್ಲಿ ತೋಳು ಸುತ್ತಿ ಹಿಡಿಯಲೇಬೇಕು, ಬರೀ ಭುಜದಿಂದ ಗುಮ್ಮುವಂತಿಲ್ಲ, ಭುಜಕ್ಕಿಂತ ಮೇಲೆ ಹಿಡಿಯುವಂತಿಲ್ಲ. ಬರಿ ತಲೆಯವನು ತನ್ನ ತಲೆಯನ್ನು ತಾನೇ ಜೋಪಾನ ಮಾಡುತ್ತಾನೆ. ಎರಡು ಕೆಜಿಯಷ್ಟು ತೂಗುವ ಹೆಲ್ಮೆಟ್ ಹಾಕಿದವನು ಅದನ್ನೇ ಟಗರಿನ ಕೊಂಬು ಮಾಡಿಕೊಳ್ಳುತ್ತಾನೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ತಡೆಯುತ್ತದೆ, ಒಳಗಿನ ಮಿದುಳು ಅಲುಗುವುದನ್ನಲ್ಲ. ಮಜ್ಜಿಗೆ ತಂಬಿಗೆಗೆ ಎಷ್ಟು ಗಟ್ಟಿ ಮುಚ್ಚಳ ಹಾಕಿದರೇನು, ಗುಂಡಿಗೆ ಬಸ್ಸು ಇಳಿದರೆ ಮಜ್ಜಿಗೆ ಕಡೆಯುವುದು ತಪ್ಪುತ್ತದೆಯೇ?

ಹಾಗೆಂದು ರಗ್ಬಿಯವರು ಎದೆ ತಟ್ಟಿಕೊಳ್ಳಬೇಕಿಲ್ಲ. 2003ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ಸ್ಟೀವ್ ಥಾಂಪ್ಸನ್‌ಗೆ ಆ ಫೈನಲ್ ಪಂದ್ಯದ ನೆನಪೇ ಇಲ್ಲ, ತಲೆಗೆ ಬಿದ್ದ ಪೆಟ್ಟುಗಳಿಂದ ಮರೆವಿನ ರೋಗ. ಯಾರು ಗಟ್ಟಿಗರು ಎಂಬ ಪಬ್ಬಿನ ವಾದ ಅಲ್ಲಿಗೆ ಬಾಯಿ ಮುಚ್ಚಬೇಕು.

ಕಿವಿಯ ಕಥೆ ಬೇರೆ. ಸ್ಕ್ರಮ್ಮಿನಲ್ಲಿ ಎಂಟೆಂಟು ಜನ ತಲೆ ತೂರಿಸಿ ತಳ್ಳುವಾಗ ಕಿವಿ ಪಕ್ಕದವನ ತೊಡೆಗೂ ಎದುರಿನವನ ಕೆನ್ನೆಗೂ ಉಜ್ಜುತ್ತದೆ. ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ, ಮೃದ್ವಸ್ಥಿಗೆ ಪೋಷಣೆ ನಿಲ್ಲುತ್ತದೆ, ಅದು ಮುದುಡಿ ಗಂಟುಗಟ್ಟುತ್ತದೆ. ಬೇಗನೆ ವೈದ್ಯರ ಹತ್ತಿರ ಹೋಗಿ ರಕ್ತ ತೆಗೆಸಿ ಒತ್ತುಪಟ್ಟಿ ಕಟ್ಟಿಸಿದರೆ ಕಿವಿ ಉಳಿಯುತ್ತದೆ. "ನಾಳೆ ನೋಡೋಣ" ಎಂದರೆ ಜೀವಮಾನವಿಡೀ ಹೂಕೋಸು. ಮದುವೆ ಫೋಟೋದಲ್ಲಿ ಪೇಟ ಸ್ವಲ್ಪ ಕೆಳಗೆ ಇಳಿಸಿ ಕಟ್ಟಬೇಕಾದೀತು.

ಇನ್ನು, ನಿಂತು ನಿಂತು ಆಡುತ್ತಾರೆ ಎಂಬ ದೂರು. ಇದು ನಿಜ. ಗಡಿಯಾರದಲ್ಲಿ ಅರವತ್ತು ನಿಮಿಷ, ನಡೆಯುವುದು ಮೂರು ಗಂಟೆ, ಚೆಂಡು ಚಲಾವಣೆಯಲ್ಲಿರುವುದು ಹನ್ನೊಂದು ನಿಮಿಷ ಎಂದು 2010ರಲ್ಲಿ ವಾಲ್‌ಸ್ಟ್ರೀಟ್ ಜರ್ನಲ್ ಗಡಿಯಾರ ಹಿಡಿದು ಎಣಿಸಿತ್ತು. ರಗ್ಬಿಯವರು ನಗಲಿ, ಅವರಿಗೆ ಹಕ್ಕಿದೆ. ಐಪಿಎಲ್ ನೋಡುವ ನಮಗೆ ಯಾವ ಹಕ್ಕೂ ಇಲ್ಲ. ಬೌಲರ್ ತಿರುಗಿ ನಡೆಯುತ್ತಾನೆ, ನಾಯಕ ಥರ್ಡ್‌ಮ್ಯಾನನ್ನು ಎರಡು ಹೆಜ್ಜೆ ಸರಿಸುತ್ತಾನೆ, ಬ್ಯಾಟರ್ ಗ್ಲೌಸ್ ಬಿಗಿ ಮಾಡುತ್ತಾನೆ, ಐದು ಸೆಕೆಂಡು ಆಟ, ಮತ್ತೆ ನಡಿಗೆ. ಓವರ್ ಮುಗಿದರೆ ಪಾನ್ ಮಸಾಲ. ಅಮೆರಿಕನ್ ಫುಟ್ಬಾಲಿನ ತಾಳವೂ ಇದೇ: ನಲವತ್ತು ಸೆಕೆಂಡು ಸಂಚು, ಐದು ಸೆಕೆಂಡು ಸ್ಫೋಟ. ಅದನ್ನು ಕೆಟ್ಟ ರಗ್ಬಿ ಎಂದು ನೋಡಿದವರಿಗೆ ಬೇಜಾರು ಬರುತ್ತದೆ, ಡಿಕ್ಕಿ ಹೊಡೆಯುವ ಕ್ರಿಕೆಟ್ ಎಂದು ನೋಡಿದರೆ ರುಚಿ ಹತ್ತುತ್ತದೆ. ಪ್ರತಿ ಡೌನನ್ನೂ ಒಂದು ಎಸೆತ ಎಂದುಕೊಳ್ಳಿ. ಚೆಂಡನ್ನಲ್ಲ, ಅದು ಹೊರಡುವ ಮೊದಲು ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ದಾರೆ ಎಂದು ನೋಡಿ. ರಗ್ಬಿಯನ್ನು ಅರಗಿಸಿಕೊಳ್ಳಲು ಮಾತ್ರ ನಮಗೆ ಕಬಡ್ಡಿ ನೆರವಿಗೆ ಬರುತ್ತದೆ. ಕಾಲು ಹಿಡಿದು ಉರುಳಿಸುವ ಕಲೆ ಮಂಡ್ಯದವರಿಗೂ ಫಿಜಿಯವರಿಗೂ ಒಂದೇ.

ಕ್ರಿಕೆಟ್ಟಿನ ನೆಂಟಸ್ತನ ಇನ್ನೂ ಗಾಢವಾಗಿದೆ. ಹತ್ತು ಗಜ ಆಯಿತೋ ಇಲ್ಲವೋ ಎಂದು ಅಳೆಯಲು ಅಮೆರಿಕದವರು ದಶಕಗಳ ಕಾಲ ಎರಡು ಕೋಲಿಗೆ ಕಟ್ಟಿದ ಸರಪಳಿ ಹೊತ್ತು ಮೈದಾನದೊಳಗೆ ಓಡಿಬರುತ್ತಿದ್ದರು. ಸರ್ವೆಯವರು ಜಮೀನಿಗೆ ಬಂದ ಹಾಗೆ. ನೂರಿಪ್ಪತ್ತು, ನೂರೈವತ್ತು ಕೆಜಿಯ ಎಂಟು ಜನರ ರಾಶಿಯ ಅಡಿಯಿಂದ ಚೆಂಡನ್ನು ಎತ್ತಿ, ಅಂಪೈರ್ ಕಣ್ಣಂದಾಜಿನಲ್ಲಿ ಒಂದು ಕಡೆ ಇಡುತ್ತಾನೆ. ಆಮೇಲೆ ಅದನ್ನು ಅಂಗುಲದ ನಿಖರತೆಯಲ್ಲಿ ಅಳೆಯುತ್ತಾರೆ! 2025ರಿಂದ ಅವರ ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ನಲ್ಲಿ ಅಳತೆಗೆ ಹಾಕ್‌ಐ ಕ್ಯಾಮೆರಾ ಬಂದಿದೆ, ನಮ್ಮ ಎಲ್‌ಬಿಡಬ್ಲ್ಯೂ ಜಗಳಗಳನ್ನು ಬಿಡಿಸುವ ಅದೇ ಹಾಕ್‌ಐ. ಚೆಂಡು ಇಡುವುದು ಮಾತ್ರ ಇನ್ನೂ ಕಣ್ಣಂದಾಜಿನಲ್ಲೇ.

ರಗ್ಬಿಯವರಿಗೆ ಎಂದಿಗೂ ಅರ್ಥವಾಗದ್ದು ಇವರ ಆಳುಗಳ ಲೆಕ್ಕ. ರಗ್ಬಿ ಯೂನಿಯನ್ ಪಂದ್ಯಕ್ಕೆ ಹದಿನೈದು ಮತ್ತು ಎಂಟು, ಒಟ್ಟು ಇಪ್ಪತ್ಮೂರು ಜನ. ಎನ್ಎಫ್ಎಲ್ ತಂಡದ ಪಟ್ಟಿಯಲ್ಲಿ ಐವತ್ಮೂರು. ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು, ಒದೆಯಲು ಒಬ್ಬ, ಎತ್ತರಕ್ಕೆ ಒದೆಯಲು ಮತ್ತೊಬ್ಬ. ಆ ಒದೆಯುವವನಿಗೆ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದಕ್ಕೆಂದೇ ಲಾಂಗ್ ಸ್ನ್ಯಾಪರ್ ಎಂಬ ಪ್ರತ್ಯೇಕ ಉದ್ಯೋಗಿ. ನಮ್ಮ ಮದುವೆ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುವುದಕ್ಕೇ ಒಬ್ಬನಿರುತ್ತಾನಲ್ಲ, ಹಾಗೆ. ಸರಿಯಾಗಿ ಬಡಿಸಿದರೆ ಯಾರೂ ಗಮನಿಸುವುದಿಲ್ಲ, ಪಾಯಸಕ್ಕೆ ಬಿದ್ದ ದಿನ ಊರಿಗೆಲ್ಲ ಹೆಸರು ಗೊತ್ತಾಗುತ್ತದೆ.

ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡಿಗರಿಗೆ ಫೆಬ್ರವರಿಯಲ್ಲಿ ಆಫೀಸಿನವರ ಮನೆಯಿಂದ ಸೂಪರ್ ಬೌಲ್ ಎಂಬ ಎನ್ಎಫ್ಎಲ್ ಫೈನಲ್ಲಿನ ಪಾರ್ಟಿಗೆ ಕರೆ ಬರುತ್ತದೆ. ಅಲ್ಲಿ ನೂರು ಚೌಕದ ಒಂದು ಹಾಳೆ ಕೈಗೆ ಕೊಡುತ್ತಾರೆ. ಅಡ್ಡಕ್ಕೆ ಸೊನ್ನೆಯಿಂದ ಒಂಬತ್ತು ಒಂದು ತಂಡದ್ದು, ಉದ್ದಕ್ಕೆ ಇನ್ನೊಂದರದ್ದು, ಪ್ರತಿ ಕ್ವಾರ್ಟರ್ ಕೊನೆಗೆ ಅಂಕಗಳ ಕೊನೆಯ ಅಂಕಿ ಕೂಡಿದ ಚೌಕದವರಿಗೆ ದುಡ್ಡು. ಅಂಕಿ ಮೊದಲೇ ಬರೆದಿದ್ದರೆ 0, 7, 3 ಇರುವ ಚೌಕ ಹಿಡಿಯಿರಿ. ಟಚ್‌ಡೌನ್ ಮತ್ತು ಅದರ ಬೆನ್ನಿಗಿನ ಒಂದು ಅಂಕದ ಒದೆತ ಸೇರಿ ಏಳು, ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ಮೂರು, ಹೆಚ್ಚಿನ ಮೊತ್ತಗಳು ಇವೆರಡರ ಮಕ್ಕಳು. 2 ಮತ್ತು 5 ದರಿದ್ರ ಅಂಕಿಗಳು. ಸಾಮಾನ್ಯವಾಗಿ ಹೆಸರು ತುಂಬಿದ ಮೇಲೆ ಚೀಟಿ ಎತ್ತಿ ಅಂಕಿ ಹಾಕುತ್ತಾರೆ, ಆಗ ಮನೆದೇವರೇ ಗತಿ. ಸಸ್ಯಾಹಾರಿಗಳು ಬೆಣ್ಣೆಹಣ್ಣಿನ ಚಟ್ನಿಯಂಥ ಗ್ವಾಕಮೋಲಿಯನ್ನು ನಂಬಬಹುದು. ಚಿಲ್ಲಿ ಎಂದರೆ ಮೆಣಸಿನಕಾಯಿ ಅಲ್ಲ, ಸಾಮಾನ್ಯವಾಗಿ ದನದ ಮಾಂಸದ ಗಟ್ಟಿ ಸಾರು. ಏಳು ಪದರದ ಡಿಪ್ಪಿನ ಕಾಳಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಯೇ ಮುಟ್ಟಿ. ಬಚ್ಚಲಿಗೆ ಹೋಗುವುದಾದರೆ ಆಟದ ನಡುವೆ ಹೋಗಿ. ಜಾಹೀರಾತಿನ ಹೊತ್ತಿಗೆ ಎದ್ದು ಟಿವಿಗೆ ಅಡ್ಡ ಬಂದರೆ ಇಡೀ ಮನೆ ಬೈಯುತ್ತದೆ, ಆ ರಾತ್ರಿ ಅವರು ಜಾಹೀರಾತು ನೋಡಲೆಂದೇ ಕೂತಿರುತ್ತಾರೆ. ಬೆಂಗಳೂರಿನಲ್ಲಿ ನೋಡುವವರಿಗೆ ಇದು ಸೋಮವಾರ ಬೆಳಗಿನ ಐದು ಗಂಟೆ. ಹಾಲಿನ ಪ್ಯಾಕೆಟ್ಟಿಗೂ ಕಿಕ್‌ಆಫ್‌ಗೂ ಒಂದೇ ಸಮಯ.

ಯಾವ ದೇಶ ನಗುತ್ತದೆ, ಯಾವುದು ಚಪ್ಪಾಳೆ ತಟ್ಟುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಮನೆಯಲ್ಲಿ ರಗ್ಬಿಯ ಹೆಮ್ಮೆ ಇದ್ದವರು ನಗುತ್ತಾರೆ. ರಗ್ಬಿಯ ಗೊಡವೆ ಅಷ್ಟಾಗಿ ಇಲ್ಲದ ಜರ್ಮನಿ 2022ರಲ್ಲಿ ಮ್ಯೂನಿಕ್ ಪಂದ್ಯಕ್ಕೆ ಕ್ರೀಡಾಂಗಣ ತುಂಬಿಸಿ ಒಕ್ಕೊರಲಿನಲ್ಲಿ ಹಾಡಿತು. ಮೆಕ್ಸಿಕೋ ಸಿಟಿಯಲ್ಲಿ 2005ರಲ್ಲೇ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸಮೋವಾ ನೋಡಿ. 1899ರಲ್ಲಿ ಜರ್ಮನಿ ಮತ್ತು ಅಮೆರಿಕ ದ್ವೀಪಗಳನ್ನು ಪಾಲು ಮಾಡಿಕೊಂಡವು, ಜರ್ಮನ್ ಪಾಲು ಆಮೇಲೆ ನ್ಯೂಜಿಲೆಂಡಿನ ಕೈಗೆ ಬಂತು. ಅದೇ ಜನ, ಅದೇ ಭಾಷೆ, ಅದೇ ಅಗಲ ಭುಜ. ಒಂದು ಕಡೆ ರಗ್ಬಿ, ನೂರು ಚಿಲ್ಲರೆ ಕಿಲೋಮೀಟರ್ ಆಚೆ ಅಮೆರಿಕನ್ ಫುಟ್ಬಾಲ್. ಸಾಲದ್ದಕ್ಕೆ ಸಮೋವಾ 2009ರಲ್ಲಿ ರಸ್ತೆಯ ಎಡಕ್ಕೆ ಬಂತು, 2011ರ ಕೊನೆಗೆ ದಿನಾಂಕ ರೇಖೆಯನ್ನೇ ದಾಟಿಕೊಂಡಿತು. ಅಣ್ಣನಿಗೆ ಭಾನುವಾರವಾದರೆ ತಮ್ಮನಿಗೆ ಇನ್ನೂ ಶನಿವಾರ. ಪಾಲಾದ ಮನೆ ಅಂದರೆ ಇದು.

ಈ ದಾಯಾದಿ ಆಸ್ತಿಯಲ್ಲಿ ನಮ್ಮ ಬೆಳ್ಳಿಯೂ ಇದೆ. 1870ರ ದಶಕದಲ್ಲಿ ಕಲ್ಕತ್ತಾದ ಬ್ರಿಟಿಷರ ರಗ್ಬಿ ಕ್ಲಬ್ಬು ಉಚಿತ ಪಾನ ನಿಲ್ಲಿಸಿದ ಮೇಲೆ ಸದಸ್ಯರನ್ನು ಕಳೆದುಕೊಂಡು ಮುಚ್ಚಿತಂತೆ. ಆಟಕ್ಕೆ ಬಂದವರೆಷ್ಟು, ಗ್ಲಾಸಿಗೆ ಬಂದವರೆಷ್ಟು ಎಂಬುದು ಅಲ್ಲಿಗೆ ತಿಳಿಯಿತು. ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಕೆ, ಮುಚ್ಚಳದ ಮೇಲೆ ಆನೆ ಇಟ್ಟು ಮಾಡಿಸಿದ ಬಟ್ಟಲಿಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ 1879ರಿಂದ ಗುದ್ದಾಡುತ್ತಿವೆ. 1988ರಲ್ಲಿ ಇಬ್ಬರು ಆಟಗಾರರು ಕುಡಿದ ಅಮಲಿನಲ್ಲಿ ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಚೆಂಡಿನಂತೆ ಒದ್ದು ನೆಗ್ಗಿಸಿದರು.

ಇನ್ನೊಂದು ತಮಾಷೆ ಅಮೆರಿಕದವರಿಗೇ ನೆನಪಿಲ್ಲ. ಒಲಿಂಪಿಕ್ಸ್‌ನಲ್ಲಿ ಹದಿನೈದು ಜನರ ರಗ್ಬಿ ಕೊನೆಯ ಬಾರಿ ನಡೆದದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಫ್ರಾನ್ಸನ್ನು ಅದರ ಮನೆಯಂಗಳದಲ್ಲೇ 17-3ರಿಂದ ಮಣ್ಣುಮುಕ್ಕಿಸಿ ಚಿನ್ನ ಗೆದ್ದವರು ಅಮೆರಿಕದವರು, ಅದೂ ಸತತ ಎರಡನೆಯ ಸಲ.

ಈಚೆಗಂತೂ ದಾಯಾದಿಗಳ ನಡುವೆ ಹಿಂಬಾಗಿಲ ವ್ಯವಹಾರ ಜೋರಾಗಿದೆ. ರಗ್ಬಿ ಲೀಗ್ ಎಂಬ ಹದಿಮೂರು ಜನರ ರಗ್ಬಿ ಆಡುತ್ತಿದ್ದ ಆಸ್ಟ್ರೇಲಿಯಾದ ಹುಡುಗ ಜೋರ್ಡನ್ ಮೈಲಾಟಾ ಒಂದೇ ಒಂದು ಅಮೆರಿಕನ್ ಫುಟ್ಬಾಲ್ ಪಂದ್ಯ ಆಡದೆ 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಆಯ್ಕೆಯಾಗಿ, 2025ರಲ್ಲಿ ಸೂಪರ್ ಬೌಲ್ ಗೆದ್ದ. ವೇಲ್ಸ್‌ನ ಮಿಂಚಿನ ಓಟಗಾರ ಲೂಯಿ ರೀಸ್-ಝಾಮಿಟ್ 2024ರಲ್ಲಿ ಅತ್ತ ಹೋಗಿ, ಎನ್ಎಫ್ಎಲ್‌ನ ನಿಯಮಿತ ಋತುವಿನ ಪಂದ್ಯ ಒಂದನ್ನೂ ಆಡದೆ ಮರುವರ್ಷ ರಗ್ಬಿಗೇ ಮರಳಿದ. ವೇಗ ಎರಡೂ ಕಡೆ ಒಂದೇ. ಆದರೆ ಎಲ್ಲಿಗೆ ಓಡಬೇಕೆಂದು ಬರೆದ ಪುಸ್ತಕವನ್ನು ಅಲ್ಲಿ ಬಾಯಿಪಾಠ ಮಾಡಬೇಕು.

ಈಗಲ್ಸ್ ತಂಡದವರದೇ ಇನ್ನೊಂದು ಕಿತಾಪತಿ ಇದೆ. ಒಂದೇ ಗಜ ಬೇಕಾದಾಗ ಕ್ವಾರ್ಟರ್‌ಬ್ಯಾಕ್ ಬಗ್ಗಿ ಚೆಂಡು ತೆಗೆದುಕೊಂಡು ಮುಂದಿನವರ ಬೆನ್ನಿಗೆ ನುಗ್ಗುತ್ತಾನೆ, ಹಿಂದಿನಿಂದ ಇಬ್ಬರು ಅವನ ಕುಂಡೆಗೆ ಕೈಕೊಟ್ಟು ತಳ್ಳುತ್ತಾರೆ. ಹೆಸರೇ 'ಟುಶ್ ಪುಶ್'. ಚೆಂಡು ಹಿಡಿದವನನ್ನು ಹಿಂದಿನಿಂದ ತಳ್ಳಬಹುದೆಂದು 2005ರಲ್ಲೇ ನಿಯಮ ಸಡಿಲವಾಗಿತ್ತು, ಅದನ್ನು ಇವರಷ್ಟು ಚೆನ್ನಾಗಿ ದುಡಿಸಿಕೊಂಡವರಿರಲಿಲ್ಲ. ಎಷ್ಟು ತಗ್ಗಬೇಕು, ಯಾವ ಕೋನದಲ್ಲಿ ಒತ್ತಬೇಕು ಎಂದು ಸಲಹೆ ಕೇಳಿದ್ದು ಸ್ಕಾಟ್‌ಲೆಂಡಿನ ರಗ್ಬಿ ಕೋಚ್ ರಿಚಿ ಗ್ರೇಯನ್ನು. ತಡೆಯಲಾಗದ ಉಳಿದ ತಂಡಗಳು 2025ರ ಮೇ ತಿಂಗಳಲ್ಲಿ ಇದನ್ನು ನಿಷೇಧಿಸಲು ಮತಕ್ಕೆ ಹಾಕಿದವು. ಮೂವತ್ತೆರಡರಲ್ಲಿ ಇಪ್ಪತ್ನಾಲ್ಕು ಮತ ಬೇಕಿತ್ತು, ಬಂದದ್ದು ಇಪ್ಪತ್ತೆರಡು. ವಿರೋಧಿಗಳು ಪದೇಪದೇ ಹೇಳಿಕೊಂಡ ಸಂಕಟ ಏನೆಂದರೆ, ಇದು ಫುಟ್ಬಾಲಿನ ಹಾಗೆ ಇಲ್ಲ, ಥೇಟ್ ರಗ್ಬಿ!