ಒಂದೇ ಕಥೆ, ಎರಡು ಚಿತ್ರ

ರೋಮಿನ ದೋರಿಯಾ ಪಾಂಫಿಲಿ ಅರಮನೆಯಿಂದ ಈಗಷ್ಟೇ ಹೊರಬಂದೆ. ಸಿಟ್ಟಿನ್ನೂ ಇಳಿದಿಲ್ಲ.

ಇದು ಸರ್ಕಾರಿ ಮ್ಯೂಸಿಯಂ ಅಲ್ಲ, ಇವತ್ತಿಗೂ ಒಂದು ಮನೆತನದ ಸ್ವತ್ತು. ಚೌಕಟ್ಟಿಗೆ ಚೌಕಟ್ಟು ತಾಗುವಂತೆ ಗೋಡೆ ತುಂಬ ಚಿತ್ರಗಳು. ಬಂದವರು ಮಾತ್ರ ಇಟಲಿಯ ಹೆಸರಾಂತ ಚಿತ್ರಕಾರ ಕರವಾಜ್ಜೊ ಬರೆದ ಒಂದು ಚಿತ್ರಕ್ಕಾಗಿ ‘ಕರವಾಜ್ಜೊ ಎಲ್ಲಿ?’ ಎಂದು ಕೇಳಿಕೊಂಡು ಅವೆಲ್ಲದರ ಮುಂದೆ ದಾಪುಗಾಲು ಹಾಕುತ್ತಾರೆ. ಹೋಗಿ ಏನು ಮಾಡುತ್ತಾರೆ? ಫೋನ್ ಎತ್ತಿ ಒಂದು ಫೋಟೊ, ಆಮೇಲೆ ಅದಕ್ಕೇ ಬೆನ್ನು ಹಾಕಿ ಇನ್ನೊಂದು.

ಚರ್ಚು, ಬೈಬಲ್ಲು ನನಗೆಷ್ಟು ದೂರ ಅಂತ ನಿಮಗೆ ಗೊತ್ತು. ಆದರೂ ಆ ಚಿತ್ರದ ಮುಂದೆ ಕಣ್ಣು ತುಂಬಿತು. ಕೂಸು ಯೇಸುವನ್ನು ಉಳಿಸಿಕೊಳ್ಳಲು ಈಜಿಪ್ಟಿಗೆ ಓಡುವ ದಾರಿಯಲ್ಲಿ ಮರಿಯಳು ಮಗುವನ್ನಪ್ಪಿ ನಿದ್ದೆಹೋಗಿದ್ದಾಳೆ. ನಮಗೆ ಬೆನ್ನು ಮಾಡಿ ನಿಂತ ದೇವದೂತ ಪಿಟೀಲು ನುಡಿಸುತ್ತಿದ್ದಾನೆ. ಮರಿಯಳ ಗಂಡ ಮುದುಕ ಜೋಸೆಫ್, ಮಗಳ ಪಾಠಕ್ಕೆ ಸಂಗೀತದ ಪುಸ್ತಕ ಹಿಡಿದು ಕೂತ ದಣಿದ ಅಪ್ಪನ ಹಾಗೆ, ಸ್ವರದ ಹಾಳೆ ಹಿಡಿದಿದ್ದಾನೆ. ಬರಿಗಾಲು, ಒಂದರ ಮೇಲೊಂದು. ಆ ಹಾಳೆಯ ಸ್ವರಗಳನ್ನು ನಿಜಕ್ಕೂ ಓದಬಹುದು: ನೋಯೆಲ್ ಬೋಲ್ಡೆವೈನ್ ಎಂಬಾತನ ರಚನೆ, ಸಾಹಿತ್ಯ ಬೈಬಲ್ಲಿನ ಪರಮಗೀತೆಯದು. ಹಿಂದೆ ಕತ್ತೆಯ ಒಂದು ದೊಡ್ಡ ಕಪ್ಪು ಕಣ್ಣು. ಸೆಲ್ಫಿಯಲ್ಲಿ ಆ ಕಣ್ಣು ಸಿಕ್ಕೀತೇ?

ನನ್ನ ನಿಜವಾದ ಸಂಕಟ ಬೇರೆ. ಅದೇ ಕಥೆಯನ್ನು ಇಟಲಿಯ ಇನ್ನೊಬ್ಬ ಚಿತ್ರಕಾರ ಅನ್ನಿಬಾಲೆ ಕರಾಚ್ಚಿ ಸುಮಾರು 1604ರಲ್ಲಿ ಬರೆದದ್ದು ಇದೇ ಸಂಗ್ರಹದಲ್ಲಿದೆ, ಕಮಾನಿನಾಕಾರದ ಅಗಲ ಚಿತ್ರ. ಅಲ್ದೊಬ್ರಾಂದಿನಿ ಮನೆತನದ ಅರಮನೆಯ ಪ್ರಾರ್ಥನಾ ಮಂದಿರಕ್ಕೆಂದು ಬರೆದದ್ದು. ಆ ಮನೆಯ ಒಲಿಂಪಿಯಾ 1647ರಲ್ಲಿ ಪಾಂಫಿಲಿ ಮನೆತನಕ್ಕೆ ಮದುವೆಯಾಗಿ ಬಂದಾಗ ಅವಳ ಕಡೆಯ ಆಸ್ತಿಯ ಜೊತೆ ಇಲ್ಲಿಗೆ ಸೇರಿತು. ಅದರಲ್ಲಿ ತಾಯಿ, ಮಗು, ಜೋಸೆಫ್ ಎಲ್ಲ ಪುಟ್ಟ ಪುಟ್ಟವರು. ಹೊಳೆ, ಬಯಲು, ಗುಡ್ಡ, ನಡುವೆ ಕೋಟೆಯಂಥ ಊರು, ಹೊಳೆಯಲ್ಲಿ ಅಂಬಿಗ, ಇವೇ ದೊಡ್ಡವು. ದೇವರ ಕಥೆಯಲ್ಲಿ ನೆಲಕ್ಕೆ ಇಷ್ಟು ಜಾಗ ಕೊಟ್ಟ ಈ ಚಿತ್ರದಿಂದ ಯುರೋಪಿನ ನಿಸರ್ಗಚಿತ್ರಕಾರರು ಎಷ್ಟು ಕಲಿತರು! ನಾನಿದ್ದಷ್ಟು ಹೊತ್ತೂ ಅದರ ಮುಂದೆ ಯಾರೂ ನಿಲ್ಲಲಿಲ್ಲ.

‘ರೋಮಿನಲ್ಲಿ ಇರೋದೇ ಎರಡು ದಿನ, ಹೆಸರು ಕೇಳಿದ್ದನ್ನು ನೋಡದೆ ಇನ್ನೇನು ನೋಡ್ತಾರೆ?’ ಅನ್ನುತ್ತೀರಿ. ಸರಿ, ನೋಡಲಿ. ಆದರೆ ಅದನ್ನೂ ನೋಡುತ್ತಿಲ್ಲವಲ್ಲ! ಸಮಯ ಇಲ್ಲದವರಿಗೆ ಫೋನಿನಲ್ಲಿ ಅದೇ ಚಿತ್ರವನ್ನು ನಾಲ್ಕು ಸಲ ತೆಗೆಯಲು ಎಲ್ಲಿಂದ ಬಂತು ಸಮಯ?

ರಜೆಗೆ ಇಟಲಿಗೆ ಹೊರಟಿರುವ ಗೆಳೆಯರೇ, ಕರವಾಜ್ಜೊ ಮುಂದೆ ಖಂಡಿತ ನಿಲ್ಲಿ, ಫೋನು ಜೇಬಿನಲ್ಲಿರಲಿ. ಆಮೇಲೆ ದಯವಿಟ್ಟು ಕರಾಚ್ಚಿಯನ್ನು ಹುಡುಕಿ. ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.